ಗಾಲಿಗೆ ರೊಕ್ಕಾ ಕೊಡೋಕಿಂತ ಮೊದಲ

ಮನ್ಯಾಗ ಹುಡುಗರು ಹಳೇ ಕಾರು ರಿಪೇರಿ ಮಾಡ್ಕೋತ ಕೂತು, ಒಂದಿನ ಬಂದು “ಅವ್ವಾ, ಇದಕ್ಕ ಅಲಾಯ್ ಗಾಲಿ ಹಾಕಸ್ಬೇಕು, ರೊಕ್ಕಾ ಕೊಡು” ಅಂದ್ರ ನಾವು ಹೆಂಗಸರು ಸಾಮಾನ್ಯ ಎರಡ ಉತ್ತರಾ ಕೊಡ್ತೇವಿ. ಒಂದು, “ಇದ್ದ ಗಾಲಿಗೆ ಏನ ಧಾಡಿ ಆಗೇದ?” ಇನ್ನೊಂದು, “ನಂಗೇನ ತಿಳೀತದ, ನಿಮ್ಮಪ್ಪನ್ನ ಕೇಳು.” ನನ್ನ ಕೇಳಿದ್ರ ಎರಡೂ ಸರಿ ಅಲ್ಲ. ಮೊದಲನೇ ಉತ್ತರಾ ಕೊಟ್ರ ಹುಡುಗ ನಮಗ ಹೇಳದನ ಸಾಲಾ ಮಾಡಿ ಹಾಕಸ್ಕೊಂಡ ಬರ್ತಾನ. ಎರಡನೇದು ಕೊಟ್ರ ಅವರಪ್ಪ ಪೇಪರ್ ಓದ್ಕೋತನ “ಹೂಂ” ಅಂತಾರ. ಆಮ್ಯಾಲೆ ಆ ಕಾರಿನಾಗ ಹಿಂದ ಕೂತು ಊರಿಗೆ ಹೋಗೋರು ನಾವ. ಅದಕ್ಕ ಅಕ್ಕಗೋಳ, ವೈನಿಗೋಳ, ಕೇಳಬೇಕಾದ್ದು ಬ್ಯಾರೆನ ಅದ: “ಅಳತಿ ತಗೊಂಡೀಯೇನು? ತೋರಸು.”

ಅಳತಿ ಅಂದ ಕೂಡ್ಲೆ ಇದು ಗ್ಯಾರೇಜಿನ ಮಾತು, ನಮ್ಮದಲ್ಲ ಅನಸ್ತದ. ಯಾಕ ಅನಸ್ಬೇಕು? ಬಳಿಗಾರನ ಮುಂದ ಕೂತು 2-4 ಬೇಕೋ 2-6 ಬೇಕೋ ಅಂತ ಕೈ ನೋಡಿದ ಕೂಡ್ಲೆ ಹೇಳೋರು ನಾವು. 3 ಲೀಟರ್ ಕುಕ್ಕರಿಗೆ 5 ಲೀಟರಿನ ಗ್ಯಾಸ್ಕೆಟ್ ತಂದ ಗಂಡಸರನ್ನ ತಿರುಗಿ ಅಂಗಡಿಗೆ ಓಡಿಸಿದವರೂ ನಾವ. ನಮ್ಮ ಓಣ್ಯಾಗ ಅರ್ಧಾ ಮಂದಿ ಬ್ಲೌಜು ನಾನ ಹೊಲದ ಕೊಟ್ಟೇನಿ. ಎದಿ ಸುತ್ತಿನ ಅಳತಿ ಸರಿ ಇದ್ದು ತೋಳಿನ ಸಂದಿ ಅಳತಿ ತಪ್ಪಿದ್ರ ಏನಾಗ್ತದ ಅಂತ ನಂಗ ಗೊತ್ತದ. ಗಾಲೀದೂ ಅದ ಹಣೇಬಾರ. ಒಂದು ಅಳತಿ ಕೂಡಿ, ಇನ್ನೊಂದು ಕೂಡಲಿಲ್ಲಂದ್ರ ಎಲ್ಲಾ ಬಿಚ್ಚೋದ.

ನಮ್ಮ ಮನೀದು 1998ನೇ ಇಸ್ವಿ ಮಾರುತಿ 800. ನಮ್ಮ ಮಾವನವರು ತಗೊಂಡಿದ್ದು. ಅವರು ಹೋದ ಮ್ಯಾಲೆ ಐದಾರು ವರ್ಷ ಹಿತ್ತಲದಾಗ ತಾಡಪತ್ರಿ ಹೊಚ್ಚಿಗೊಂಡು ನಿಂತಿತ್ತು. ಈ ಗಾಡಿ ಮಾರ್ಕೆಟಿಗೆ ಬಂದಿದ್ದು 1983ರ ಡಿಸೆಂಬರದಾಗ, ಮಾಡೋದು ಬಿಟ್ಟಿದ್ದು 2014ರ ಜನವರ್ಯಾಗ. ಮೂವತ್ತು ವರ್ಷ ಊರ ತುಂಬ ಓಡಾಡಿದ ಗಾಡಿ, ಈಗ ಹೊಸದು ಬೇಕಂದ್ರೂ ಸಿಗಂಗಿಲ್ಲ. ನನ್ನ ಸಣ್ಣ ಮಗಾ ಅದನ್ನ ‘ಪ್ರೊಜೆಕ್ಟ್ ಕಾರ್’ ಅಂತಾನ. ಎರಡು ವರ್ಷ ಆತು, ಪ್ರತಿ ರವಿವಾರ ಮೈ ಎಲ್ಲಾ ಗ್ರೀಸು. ತುಕ್ಕು ಕೆರದ, ಬಣ್ಣ ಹೊಡಸಿದ, ಸೀಟು ಹೊಲಸಿದ (ಹೊಲದಾಕಿ ನಾನು, ಬಿಟ್ಟಿ). ಎಲ್ಲಾ ಅವನ ಪಗಾರದಾಗ ಆತು. ಗಾಲಿಗೆ ಬಂದಾಗ ಮಾತ್ರ ಅವನ ಕಣ್ಣು ನನ್ನ ಭಿಶಿ ರೊಕ್ಕದ ಮ್ಯಾಲೆ ಬಿತ್ತು. ನಾಕು ಗಾಲಿ, ನಾಕು ಟಾಯರು ಕೂಡಿ 28,000 ರೂಪಾಯಿ. ಫೋನಿನಾಗ ಫೋಟೋ ತೋರಿಸಿದ. 14 ಇಂಚಿನ ಕರೇ ಗಾಲಿ, ಅಂಚಿಗೆ ಬೆಳ್ಳಿ ಪಟ್ಟಿ. ಚಂದ್ರಕಾಳಿ ಸೀರಿ ಇದ್ಹಂಗ ಇತ್ತು. ಛಂದ ಇತ್ತು, ಸುಳ್ಳು ಯಾಕ ಹೇಳ್ಲಿ.

“ಇದರ ತೂತು ನಮ್ಮ ಗಾಡೀಗೆ ಕೂಡ್ತಾವೇನು?” ಅಂತ ಕೇಳಿದೆ. “ಅಂಗಡಿಯವರು ಕೂಡಸ್ತಾರ” ಅಂದ. ‘ಕೂಡ್ತಾವ’ ಅನ್ನೋದು ಬ್ಯಾರೆ, ‘ಕೂಡಸ್ತಾರ’ ಅನ್ನೋದು ಬ್ಯಾರೆ.

ಗಾಲಿ ಗಾಡೀಗೆ ಕೂಡೋದು ಸ್ಟಡ್ಡಿನ ಮ್ಯಾಲೆ, ಅಂದ್ರ ನಟ್ಟು ಹಾಕಿ ಬಿಗಿಯೋ ಕಬ್ಬಿಣದ ಗೂಟಗಳ ಮ್ಯಾಲೆ. ಮಾರುತಿ 800ಕ್ಕ ಅಂಥಾವು ನಾಕು. ಆ ನಾಕರ ನಟ್ಟನಡುವಿಂದ ಹಾಯ್ದು ಹೋಗ್ಹಂಗ ಒಂದು ಸುತ್ತು ಎಳೀರಿ, ರಂಗೋಲಿ ಚುಕ್ಕಿ ಕೂಡಿಸಿದ್ಹಂಗ. ಆ ಸುತ್ತಿನ ಅಡ್ಡಳತಿಗೆ ಪಿಸಿಡಿ ಅಂತಾರ. 800ರದು 114.3 ಮಿಲಿಮೀಟರ್, ಬರೋಬ್ಬರಿ ನಾಕೂವರಿ ಇಂಚು. ಅಳೀಲಿಕ್ಕೆ ಸ್ಟಡ್ಡಿನ ನಡುಮಧ್ಯಾ ಹುಡುಕೋ ತ್ರಾಸು ಬ್ಯಾಡ. ಒಂದು ಸ್ಟಡ್ಡಿನ ಎಡಗಡೆ ಅಂಚಿನಿಂದ ಅದರ ಎದುರಿನ ಸ್ಟಡ್ಡಿನ ಎಡಗಡೆ ಅಂಚಿಗೆ ಅಳದ್ರ ಅದ ಲೆಕ್ಕ ಬರ್ತದ. ಆದ್ರ ಹೊಲಿಗಿ ಟೇಪು ಹಿಡೀಬ್ಯಾಡ್ರಿ, ಹಳೇವು ಜಗ್ಗಿರ್ತಾವ. ಸ್ಟೀಲ್ ಪಟ್ಟಿ ಬೇಕು. ನಮ್ಮದು ಅಳದಾಗ 114ರ ಮ್ಯಾಲೆ ಒಂದು ಎಳಿ ಬಂತು. ಫೋಟೋದಾಗಿನ ಗಾಲಿ 100ರದು, ಸ್ವಿಫ್ಟಿನಂಥಾ ಗಾಡಿಗೋಳಿಗೆ ಕೂಡೂದು.

ಇದಕ್ಕ ಅಂಗಡಿಯವನ ಹಂತ್ಯಾಕ ಎರಡು ಉಪಾಯ ಇದ್ದುವು. ತೂತು ಕೊರದು ಉದ್ದ ಮಾಡೋದು, ಇಲ್ಲಾ ನಡುವ ಅಡಾಪ್ಟರ್ ಅಂತ ಒಂದು ದಪ್ಪನ ಬಿಲ್ಲಿ ಹಾಕೋದು. ತೂತು ಕೊರೀಲಿಕ್ಕೆ ನಾ ಸುತಾರಾಂ ಒಪ್ಪಂಗಿಲ್ಲ. ನಟ್ಟು ಕೂಡೋ ಜಾಗಾ ಸುಮ್ಮನ ತೂತಲ್ಲ, ಇಳಿಜಾರಾಗಿ ಕೊರದ ಮಣಿ ಅದು. ನಟ್ಟಿನ ಚೂಪು ಅದರಾಗ ಕೂತಾಗನ ಗಾಲಿ ನಟ್ಟನಡುವ ನಿಲ್ತದ. ಕೊರದು ಉದ್ದ ಮಾಡಿದ್ರ ನಟ್ಟು ಬಿಗಿಯಾಗಿ ಕೂತ್ಹಂಗ ಕಾಣ್ತದ, ಆದ್ರ ಹಿಡತ ಇರಂಗಿಲ್ಲ. ಹರದ ಕಾಜಾಕ್ಕ ಗುಂಡಿ ಹಾಕ್ದಂಗ. ಅಂಗಿ ಗುಂಡಿ ಬಿಚ್ಚಿದ್ರ ನಗ್ತಾರ, ಹೈವೇದಾಗ ಗಾಲಿ ಬಿಚ್ಚಿದ್ರ? ಅಡಾಪ್ಟರ್ ಛೊಲೋ ಕಂಪನೀದು ಇದ್ರ ತಡೀಬಹುದು. ಆದ್ರ ಅದು ಗಾಲೀನ್ನ ಅಷ್ಟ ದಪ್ಪ ಹೊರಗ ತಳ್ಳತದ, ಬೇರಿಂಗಿನ ಮ್ಯಾಲೆ ಭಾರಾ ಹಾಕ್ತದ. ಮ್ಯಾಲೆ ಒಳಗ ಇನ್ನೊಂದು ಜೋಡಿ ನಟ್ಟು ಮುಚ್ಚಿ ಹೋಗಿರ್ತಾವ, ಅವು ಸಡಲ್ಯಾವೋ ಇಲ್ಲೋ ಗಾಲಿ ಬಿಚ್ಚದ ಗೊತ್ತಾಗಂಗಿಲ್ಲ.

14 ಮಿಲಿಮೀಟರ್ ಫರಕ್ ಇದ್ರ ಗಾಲಿ ಕೂಡೂದ ಇಲ್ಲ, ಅದು ಪುಣ್ಯಾ. ಖರೇ ಮೋಸ ಇರೋದು ಸಣ್ಣ ಫರಕಿನಾಗ. ಫಿಯಾಟಿನ ಯುನೋ, ಪಾಲಿಯೋ ಗಾಡಿಗೋಳದು 98. ಅದಕ್ಕ 100ರ ಗಾಲಿ ಕೈಲೆ ಒತ್ತಿದ್ರ ಹೋಗಿ ಕೂಡ್ತದ. ನಮ್ಮ ಹಿಂದಿನ ಓಣ್ಯಾಗ ಒಬ್ಬ ಹುಡುಗ ಹಂಗ ಹಾಕಿಸಿದ್ದ. 60ರ ಮ್ಯಾಲೆ ಹೋದ್ರ ಸ್ಟೇರಿಂಗು ಗಡಗಡ ನಡಗ್ತಿತ್ತು. ಮೂರು ಸಲ ಅಲೈನ್ಮೆಂಟಿಗೆ ರೊಕ್ಕಾ ಕೊಟ್ಟ. ಅಲೈನ್ಮೆಂಟಿನ ತಪ್ಪ ಅಲ್ಲ ಅದು, ಎರಡು ಮಿಲಿಮೀಟರಿನ ತಪ್ಪು. ನಮ್ಮ ತವರುಮನ್ಯಾಗಿನ ಜೀಪಿಗೆ ಐದು ಸ್ಟಡ್ಡು. ಅದರಾಗ ಒಂದಕ್ಕೊಂದು ಎದುರು ಬರಂಗಿಲ್ಲ. ಅದಕ್ಕ ಬಾಜೂ ಬಾಜೂ ಇದ್ದ ಎರಡು ಸ್ಟಡ್ಡಿನ ನಡುವಿಂದ ನಡುವಿಗೆ ಅಳದು 1.7ರಿಂದ ಗುಣಸ್ಬೇಕು. 82 ಬಂದ್ರ 139.7ರದು ಅಂತ ತಿಳೀರಿ, ಜೀಪಿನ ಐದೂವರಿ ಇಂಚು ಅಂದ್ರ ಅದ.

ಇನ್ನ ಗಾಲಿ ನಡುವಿನ ದೊಡ್ಡ ತೂತು. ಇದು ಪೂರಾ ಬಳಿ ಲೆಕ್ಕ. 2-4 ಬಳಿ ಅಂದ್ರ ಒಳಗಿನ ಅಡ್ಡಳತಿ 2 ಇಂಚು ಮತ್ತ 4/16, ಹತ್ತತ್ರ 57 ಮಿಲಿಮೀಟರ್. ಗಾಡಿಯ ಹಬ್ಬು ಮಣಿಕಟ್ಟು ಇದ್ದಂಗ. ತೂತು ಸಣ್ಣದಿದ್ರ ಏರೂದ ಇಲ್ಲ. ದೊಡ್ಡದಿದ್ರ ಏರ್ತದ, ಆದ್ರ ಸಡಲ ಇರ್ತದ. ಸಡಲ ಇದ್ರ ನಡುವ ತುಂಬಲಿಕ್ಕೆ ಉಂಗುರ ಸಿಗ್ತಾವ, ಹಬ್ ರಿಂಗ್ ಅಂತಾರ. ಮಾರೋ ಗಾಲಿಗೋಳದು ತೂತು ಬೇಕಂತನ ದೊಡ್ಡದು ಮಾಡಿರ್ತಾರ, ಎಲ್ಲಾ ಗಾಡೀಗೆ ಆಗಲಿ ಅಂತ. ಉಂಗುರ ಕೇಳಿ ಇಸಗೋರಿ, ಭಾಳ ರೊಕ್ಕ ಏನಲ್ಲ.

ಎಲ್ಲಾರೂ ತಲಿ ಕೆಡಿಸ್ಕೊಳ್ಳೋದು ಈಟಿ ಅನ್ನೋ ಲೆಕ್ಕದಾಗ. ನನ್ನ ಮಗಾ ನಾಕು ಸಲ ಹೇಳಿದ, ತಿಳೀಲಿಲ್ಲ. ಕಡೀಕೆ ಹಳೇ ಗಾಲಿ ಬಿಚ್ಚಿ ಕೌದಿ ಮ್ಯಾಲೆ ಮುಖಾ ಕೆಳಗ ಮಾಡಿ ಇಟ್ಟು ನಾನ ಅಳದೆ, ಆಗ ತಿಳೀತು. ಗಾಲಿ ಅಂದ್ರ ತಳಾ ಇಲ್ಲದ ಡಬರಿ ಇದ್ದಂಗ. ಅದರೊಳಗ ಎಲ್ಲೋ ಒಂದು ಕಡೆ ಸ್ಟಡ್ಡಿನ ತೂತಿರೋ ತಟ್ಟಿ ಕೂಡಿಸಿರ್ತಾರ. ಆ ತಟ್ಟಿ ನಟ್ಟನಡುವ ಇದ್ರ ಈಟಿ ಸೊನ್ನಿ. ಹೊರಮುಖದ ಕಡೆ ಸರದಿದ್ರ ಎಷ್ಟು ಸರದದೋ ಅಷ್ಟು ಈಟಿ. ಅಳಿಯೋದು ಹಿಂಗ: ಮ್ಯಾಲೆ ಬಂದ ಒಳಗಿನ ಅಂಚಿಗೆ ಅಡ್ಡ ಒಂದು ನೆಟ್ಟಗಿನ ಪಟ್ಟಿ ಇಡ್ರಿ. ಪಟ್ಟಿಯಿಂದ ಕೆಳಗ ತಟ್ಟೀತನಕ ಅಳೀರಿ. ಅದರಾಗಿಂದ ಗಾಲಿಯ ಒಟ್ಟು ಅಗಲದ ಅರ್ಧಾ ಕಳೀರಿ. ಒಂದು ಹುಷಾರು ಏನಂದ್ರ, ಗಾಲಿ ಮ್ಯಾಲೆ 5ಜೆ ಅಂತ ಬರದಿದ್ರ ಆ 5 ಇಂಚು ಟಾಯರ್ ಕೂಡೋ ಜಾಗಾದ ಅಗಲ. ಅಂಚಿನಿಂದ ಅಂಚಿಗೆ ಅಳದ್ರ ಸುಮಾರು 6 ಇಂಚು ಬರ್ತದ, 152 ಮಿಲಿಮೀಟರ್. ಅದರ ಅರ್ಧಾ 76. ಪಟ್ಟಿಯಿಂದ ತಟ್ಟೀಗೆ 111 ಬಂತು ಅನ್ಕೋರಿ, 111ರಾಗ 76 ಹೋದ್ರ 35. ಈಟಿ 35.

ಇದರಿಂದ ಏನ ತಿಳೀತದಂದ್ರ, ಈಟಿ ಕಡಿಮಿ ಆದಷ್ಟು ಗಾಲಿ ಹೊರಗ ಬರ್ತದ, ಜಾಸ್ತಿ ಆದಷ್ಟು ಒಳಗ ಹೋಗ್ತದ. ಅಗಲ ಅಷ್ಟ ಇದ್ದು 40ರ ಬದಲಿ 15ರದು ತಂದ್ರ 25 ಮಿಲಿಮೀಟರ್, ಅಂದ್ರ ಒಂದು ಇಂಚು ಹೊರಗ ಬಂತು. ಫೋಟೋದಾಗಿನ ಗಾಲಿ 6 ಇಂಚು ಅಗಲ, ನಮ್ಮ ಹಳೇದು ಸುಮಾರು 4. ಈಟಿ ಒಂದ ಇದ್ರೂ ಒಳಗ ಒಂದು ಇಂಚು, ಹೊರಗ ಒಂದು ಇಂಚು ಬೆಳೀತದ. ಅದರ ನಡುವ ಒಂದು ಇಂಚಿನ ಅಡಾಪ್ಟರ್ ಹಾಕಿದ್ರ ಒಳಗಿಂದು ಅಲ್ಲಿಗಲ್ಲೇ ಆತು, ಹೊರಗ ಎರಡು ಇಂಚು. ಮಡ್‌ಗಾರ್ಡಿನಿಂದ ಎರಡು ಇಂಚು ಹೊರಗ ಬಂದ ಗಾಲಿ ಮಳಿಗಾಲದಾಗ ಬಾಗಲಾ, ಕನ್ನಡಿ, ಬಾಜೂ ನಡಕೋತ ಹೊಂಟವರ ಸೀರಿ, ಎಲ್ಲಾಕ್ಕೂ ರಾಡಿ ಸಿಡಸ್ತದ. ಅದರ ಮ್ಯಾಲೆ ತಗ್ಗಿನಾಗ ಇಳದಾಗ ಮಡ್‌ಗಾರ್ಡಿನ ಅಂಚು ಟಾಯರನ್ನ ಕೊರೀತದ.

“ತಗ್ಗಿನಾಗ ಇಳದ್ರ ಅಲ್ಲ? ನಮ್ಮ ಗಾಡಿ ಎತ್ತರ ಅದ” ಅಂದ. ಸರಿ, ನೋಡೇ ಬಿಡೋಣ ಅಂತ ಒಂದು ರವಿವಾರ ಹಳೇ ಗಾಲಿ ಮ್ಯಾಲೆನ ಪರೀಕ್ಷಾ ಮಾಡಿದ್ವಿ. ಖಾಲಿ ಗಾಡಿಯೊಳಗ ಹಿಂದಿನ ಟಾಯರಿಗೂ ಮಡ್‌ಗಾರ್ಡಿಗೂ ನಡುವ ಎಷ್ಟು ಸಂದಿ ಅದ ಅಂತ ಬರಕೊಂಡ. ಆಮ್ಯಾಲೆ ಹಿಂದಿನ ಸೀಟಿನಾಗ ನಾನು, ನಮ್ಮ ಅತ್ತಿ, ನಮ್ಮ ವಾರಗಿತ್ತಿ ಕೂತ್ವಿ. ಡಿಕ್ಕಿಯೊಳಗ ಒಂದು ಜ್ವಾಳದ ಚೀಲ. ಸಂದಿ ಸರ್ರನ ಕಡಿಮಿ ಆಗಿ ಮೂರು ಬಟ್ಟಿಗೆ ಬಂತು. ನಮ್ಮ ಅತ್ತಿ “ನನ್ನ ತೂಕಾ ಏನ ಬರಕೊಂಡೀ, ಅಳಿಸು” ಅಂತ ಬಾಯಿ ಮಾಡಿದ್ರು. ಆದ್ರ ಈ ಪರೀಕ್ಷಾ ಯಾವ ಅಂಗಡಿಯವನೂ ಮಾಡಂಗಿಲ್ಲ. ಅವನ ಹತ್ರ ಗಾಡಿ ಖಾಲಿ ಹೋಗ್ತದ, ನೆಟ್ಟಗ ನಿಲ್ತದ, ಫೋಟೋ ತಗೀತಾರ. ನಾವು ಗಾಡಿ ತುಂಬ ಮಂದಿ ಕೂತು, ಸ್ಟೇರಿಂಗು ಪೂರಾ ಎಡಕ, ಪೂರಾ ಬಲಕ ತಿರಗಿಸಿ ರಿವರ್ಸ್ ಬರೋರು. ಮುಂದಿನ ಗಾಲಿ ತಿರಗಿದಾಗ ಒಳಗ ಶಾಕ್ ಅಬ್ಸಾರ್ಬರಿಗೆ, ಹೊರಗ ಮಡ್‌ಗಾರ್ಡಿಗೆ ಎಷ್ಟು ದೂರ ಅದ ಅಂತ ಅಳದ ಮ್ಯಾಲೆನ ಎಷ್ಟು ಅಗಲ, ಎಷ್ಟು ಈಟಿ ಅಂತ ಹೇಳಬೇಕು. ಅದಕ್ಕ ನಾ ಹೇಳೋದು, ಮೊದಲ ಗಾಡಿ ಅಳೀರಿ, ಗಾಲಿ ಫೋಟೋ ಆಮ್ಯಾಲೆ ನೋಡ್ರಿ.

ಮುಂದಿನ ಬ್ರೇಕಿನ ಕ್ಯಾಲಿಪರ್ ಗಾಲಿಯ ಕಡ್ಡಿಗೆ ತಾಗ್ತದೇನು ಅಂತ ನೋಡಲಿಕ್ಕೆ ಚಪಾತಿ ಕಣಕ ಸಾಕು. ಗಾಲಿಯ ಒಳಗ ಕಡ್ಡಿಗೆ ನಾಕೈದು ಸಣ್ಣ ಉಂಡಿ ಹಚ್ಚಿ, ಗಾಲಿ ಕೂಡಿಸಿ, ಕೈಲೆ ನಿಧಾನಕ ಒಂದು ಸುತ್ತು ತಿರಗಿಸಿ ತಗೀರಿ. ಉಂಡಿ ಎಷ್ಟು ದಪ್ಪ ಉಳದದೋ ಅಷ್ಟು ಸಂದಿ. ಮೂರು ಮಿಲಿಮೀಟರಾದ್ರೂ ಉಳೀಬೇಕು. ಎಣ್ಣಿ ಕಡಿಮಿ ಹಾಕಿ ಕಲಸ್ರಿ, ಇಲ್ಲಂದ್ರ ಹತ್ತೂದಿಲ್ಲ. ಆಮ್ಯಾಲೆ ಛಂದಂಗ ಒರಸಿ ತಗೀರಿ, ಬ್ರೇಕಿನ ಹತ್ರ ಒಂದು ಚೂರೂ ಉಳೀಬಾರದು.

ಟಾಯರಿನ ಲೆಕ್ಕ ಸಸಾರ. 145/70 ಆರ್ 12 ಅಂತ ಬರದಿದ್ರ 145 ಅಗಲ, ಆ ಅಗಲದ ನೂರಕ್ಕ 70 ಪಾಲು ಎತ್ತರ, 12 ಇಂಚಿನ ಗಾಲಿ. 145ಕ್ಕ 70 ಪಾಲು ಅಂದ್ರ 101.5. ಮ್ಯಾಲೊಂದು ಕೆಳಗೊಂದು, ಎರಡು ಕೂಡಿ 203. 12 ಇಂಚು ಅಂದ್ರ 305. ಒಟ್ಟು ಸುಮಾರು 508 ಮಿಲಿಮೀಟರ್. ಅವ ತೋರಿಸಿದ 14 ಇಂಚಿನ ಗಾಲಿಗೆ 165/60ರ ಟಾಯರು ಹಾಕಿದ್ರ 554 ಆಗ್ತದ. ನೂರಕ್ಕ 9 ದೊಡ್ಡದು. ಮೀಟರಿನ ಮುಳ್ಳು 60 ತೋರಸ್ತಿದ್ರ ಗಾಡಿ ಖರೇ 65ರಾಗ ಓಡ್ತಿರ್ತದ. ಮುಂದ ಇರೋದು ಬರೇ 796 ಸಿಸಿ ಇಂಜಿನ್, ಅದು ಅಷ್ಟು ದೊಡ್ಡ ಗಾಲಿ ಜಗ್ಗಿಕೊಂಡು ಏರು ಹತ್ತೂದ್ರಾಗ ಏದುಸಿರು ಬಿಡ್ತದ. ನೂರಕ್ಕ 3ರೊಳಗ ಫರಕ್ ಇರಲಿ ಅಂತ ತಿಳದವರು ಹೇಳ್ತಾರ. 13 ಇಂಚಿನ ಗಾಲಿಗೆ ಸಹಜ ಸಿಗೋ 155/65 ಹಾಕಿದ್ರೂ 532, ಹತ್ತತ್ರ 5 ಪಾಲು ಜಾಸ್ತಿ. ಕಾಗದದ ಮ್ಯಾಲೆ ಇಷ್ಟು ಗುಣಸಿ ಮುಂದ ಇಟ್ಟ ಮ್ಯಾಲೆ ನನ್ನ ಮಗಾ ತಾನ ಸುಮ್ಮನಾದ. ನಾ ಬೈದಿದ್ರ ಸುಮ್ಮನಾಗ್ತಿರಲಿಲ್ಲ.

ಟಾಯರಿನ ಬದಿಗೆ 69 ಅಂತ ಇದ್ರ ಒಂದು ಟಾಯರು 325 ಕೆ.ಜಿ. ಹೊರ್ತದ. ನಾಕು ಅಂಕಿಯ ತಾರೀಖ ಇರ್ತದ, 2319 ಅಂದ್ರ 2019ರ 23ನೇ ವಾರದಾಗ ಮಾಡಿದ್ದು. ಅಗ್ಗಕ್ಕ ಸಿಕ್ತು ಅಂತ ಮಾತ್ರೆಯ ತಾರೀಖ ನೋಡದ ತಗೋತೀರೇನು? ಐಎಸ್‌ಐ ಗುರ್ತೂ ನೋಡ್ರಿ. ಅಲಾಯ್ ಗಾಲಿ ಹಿಂದಗಡೆ ಎಷ್ಟು ಭಾರ ಹೊರ್ತದ ಅಂತ ಅಚ್ಚು ಹಾಕಿರ್ತಾರ, ಜಪಾನಿನ ಪರೀಕ್ಷಾದ ಜೆಡಬ್ಲ್ಯೂಎಲ್ ಗುರ್ತೂ ಕೆಲವಕ್ಕ ಇರ್ತದ. ಏನೂ ಬರದಿಲ್ಲದ್ದು ಎಷ್ಟ ಹೊಳೀಲಿ, ಬ್ಯಾಡ. ಹಳೇ ಅಲಾಯ್ ತಗೊಳ್ಳೋರಿದ್ರ ಬೆಸುಗಿ ಹಾಕಿದ್ದು, ಸೀಳಿದ್ದು ಮುಟ್ಟಬ್ಯಾಡ್ರಿ. ಕಬ್ಬಿಣದ್ದು ಬಗ್ತದ, ಅಲಾಯ್ ಬಗ್ಗೂಕಿಂತ ಒಡೀತದ.

ಕಾಯ್ದೆ ಮಾತೂ ಅದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ್ದಕ್ಕ, ಆರ್‌ಸಿಯೊಳಗ ಇದ್ದದ್ದಕ್ಕ ಬ್ಯಾರೆ ಆಗ್ಹಂಗ ಗಾಡಿ ಬದಲಿ ಮಾಡೂಹಂಗಿಲ್ಲ. ಸುಪ್ರೀಂ ಕೋರ್ಟೂ 2019ರ ಜನವರ್ಯಾಗ ಅದನ್ನ ಗಟ್ಟಿಯಾಗಿ ಹೇಳೇದ. 15 ವರ್ಷ ದಾಟಿದ ಗಾಡಿ ನೋಂದಣಿ ಐದೈದು ವರ್ಷಕ್ಕ ನವೀಕರಣ ಆಗಬೇಕು, ಆವಾಗ ಗಾಡಿ ಸಾಹೇಬರ ಮುಂದ ನಿಲ್ಲಸ್ಬೇಕು. ಮಡ್‌ಗಾರ್ಡಿನ ಹೊರಗ ಇಣಕೋ ಗಾಲಿ ತಗೊಂಡು ಯಾರು ನಿಲ್ತಾರ? ವಿಮಾದವರಿಗೂ ನೆವಾ ಸಿಗ್ತದ.

ನಮ್ಮ ಮನಿಯವರು ಇಷ್ಟೆಲ್ಲಾ ಕೇಳಿ, “ಅದಕ್ಕ ನಾ ಹೇಳಿದ್ದು, ಕಬ್ಬಿಣದ್ದ ಇರಲಿ” ಅಂದ್ರು. ಆ ಮಾತಿಗೂ ನನ್ನ ಒಪ್ಪಿಗಿ ಇಲ್ಲ. ಎರಡು ವರ್ಷ ರವಿವಾರ ಸುಟ್ಟುಕೊಂಡು ಅಜ್ಜನ ಗಾಡಿಗೆ ಜೀವಾ ತಂದ ಹುಡುಗಗ ಅದು ಛಂದ ಕಾಣಬೇಕು ಅನ್ನೋ ಆಸೆ ಇರಬಾರದೇನು? ಮನ್ಯಾಗ ಉಡೋ ಕಾಟನ್ ಸೀರಿಗೂ ನಾವು ಫಾಲ್ ಹಚ್ಚಸ್ತೇವಿ. ಛಂದಕ್ಕ ರೊಕ್ಕಾ ಕೊಡೋದು ನಂಗ ತಪ್ಪಂತ ಅನಸೂದಿಲ್ಲ. ಕೂಡದ್ದನ್ನ ಕೂಡಸ್ಲಿಕ್ಕೆ ರೊಕ್ಕಾ ಕೊಡೋದು ತಪ್ಪು. ಚಕ್ಕಡಿ ಗಾಲಿ ಮಾಡೋ ಬಡಿಗ್ಯಾರು, ಕಮ್ಮಾರರು ನೆನಪಿದ್ದಾರಲ್ಲ? ಕಬ್ಬಿಣದ ಪಟ್ಟಾ ಗಾಲಿಗಿಂತ ಒಂಚೂರು ಸಣ್ಣದ ಮಾಡಿ, ಕೆಂಪಗ ಕಾಸಿ ಹಿಗ್ಗಿಸಿ ಕೂಡಿಸಿ, ನೀರು ಹಾಕಿದ್ರ ಕುಗ್ಗಿ ಕಚ್ಚಿಗೊಂಡು ಕೂಡ್ತಿತ್ತು. ಎಷ್ಟು ಸಣ್ಣದು ಮಾಡಬೇಕು ಅನ್ನೋದ್ರಾಗ ಅವರ ಹೆಚ್ಚುಗಾರಿಕಿ ಇತ್ತು. ಆ ಗಾಲಿಗೋಳು ಛಂದನೂ ಇರ್ತಿದ್ದುವು.

ಕಡೀಕೆ ನಾವು ತಗೊಂಡಿದ್ದು 12 ಇಂಚಿನವ ಅಲಾಯ್, ನಾಕು ತೂತು, 114.3. ಟಾಯರು ಮೊದಲಿದ್ದ ಅಳತೀವ, ಇನ್ನೂ ಸಿಗ್ತಾವ. ಎಲ್ಲಾ ಕೂಡಿ 17,500 ಆತು. ಬಣ್ಣಾ ಕರೇದ, ಅಂಚಿಗೆ ಬೆಳ್ಳಿ ಪಟ್ಟಿ ಅವನ ಕೈಲೆ ಹೊಡ್ಕೊಂಡಾನ. ನಟ್ಟು ಒಂದಾದ ಮ್ಯಾಲೊಂದು ಸುತ್ತಕ ಬಿಗಿಯೂಹಂಗಿಲ್ಲ, ಒಂದು ಬಿಗಿದ ಮ್ಯಾಲೆ ಅದರ ಎದುರಿಂದು ಬಿಗೀಬೇಕು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗಿ ಬಂದು ಮತ್ತೊಮ್ಮೆ ಪಾನಾ ಹಚ್ಚಿ ನೋಡಿದಾಗ ಮುಂದಿನ ಎಡಗಾಲಿ ಒಂದು ನಟ್ಟು ಕಾಲು ಸುತ್ತು ತಗೋತು. ಹೊಸಾ ಗಾಲಿ ಹಾಕಿದ ಮ್ಯಾಲೆ ಐವತ್ತು ನೂರು ಕಿಲೋಮೀಟರಿಗೆ ಹಿಂಗ ನೋಡಲೇಬೇಕು.

ಸ್ಟೆಪ್ನಿ ಮಾತ್ರ ಹಳೇ ಕಬ್ಬಿಣದ್ದ ಇಟ್ಟೇವಿ. ಅಲಾಯ್ ಗಾಲಿ ಜೋಡಿ ಬಂದ ನಟ್ಟು ಅದಕ್ಕ ಸರಿ ಕೂಡಂಗಿಲ್ಲ, ಹಳೇ ನಟ್ಟ ಬೇಕು. ರಾತ್ರಿ ದಾರ್ಯಾಗ ಪಂಕ್ಚರ್ ಆದಾಗ ಇದು ನೆನಪಾದ್ರ ಏನ ಬಂತು? ಅದಕ್ಕ ಸೀಟಿನ ಬಟ್ಟಿ ಉಳದದ್ದರಾಗ ಒಂದು ಸಣ್ಣ ಚೀಲ ಹೊಲದು, ನಾಕು ಹಳೇ ನಟ್ಟು ಅದರಾಗ ಹಾಕಿ, ಜ್ಯಾಕಿನ ಹಿಡಿಕಿಗೆ ಕಟ್ಟೇನಿ.